ಬಳಸುವವರಿದ್ದರೆ ತಿಳಿಸಿ

ಕರ್ನಲ್ ಕಟ್ಟುವ ಕೆಲಸ ಎಂದರೆ ಮುಕ್ಕಾಲು ಪಾಲು ‘ಬೇಡ’ ಎನ್ನುವ ಕೆಲಸ. ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರ ಮೇಲೆ ಓಡುವ ಪ್ರೋಗ್ರಾಮುಗಳಿಗೂ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ದಲ್ಲಾಳಿಯೇ ಈ ಕರ್ನಲ್. ನಾವು ಬಳಸುವುದು ಲಿನಕ್ಸ್. ಅದನ್ನು ಹೊಸದಾಗಿ ಕಟ್ಟುವ ಮುಂಚೆ ಅದು ಸಾವಿರಾರು ಪ್ರಶ್ನೆ ಕೇಳುತ್ತದೆ. ಈ ಬಗೆಯ ಡಿಸ್ಕ್ ಬೇಕೇ, ಆ ಕಂಪನಿಯ ಕಾರ್ಡ್ ಬೇಕೇ, ಆಟದ ಜಾಯ್‌ಸ್ಟಿಕ್ ಜೋಡಿಸುವವರಿದ್ದಾರೆಯೇ, ಉಪಗ್ರಹದ ಟಿವಿ ನೋಡುವವರಿದ್ದಾರೆಯೇ. ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡವರು ಎಲ್ಲಕ್ಕೂ ಹೌದು ಎಂದು ಆರಾಮಾಗಿರುತ್ತಾರೆ. ನನ್ನ ಪಾಲಿಗೆ ಬರುವವು ಮುದಿ ಪೆಟ್ಟಿಗೆಗಳು. ಮೆಮೊರಿ ಅಷ್ಟಕ್ಕಷ್ಟೇ, ಪ್ರೊಸೆಸರ್ ಅದಕ್ಕಿಂತ ಕಡೆ. ಹಾಗಾಗಿ ಬೇಡ, ಬೇಡ, ಬೇಡ ಎಂದು ಕೀಲಿಮಣೆ ಒತ್ತುತ್ತಾ ಕೂರುತ್ತೇನೆ.

ನಾನು ಗದಗಿನವಳು. ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆ ಮನೆ, ಮಕರಪುರಾದಲ್ಲಿ ಕೆಲಸ. ಕಾರ್ಖಾನೆಗಳಲ್ಲಿ ಹಳೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟರೆ, ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿದ್ದರೆ, ನಮ್ಮಲ್ಲಿಗೆ ಕಳಿಸುತ್ತಾರೆ. ನಮ್ಮ ಮಾಲೀಕರು ಬಂದವರಿಗೆಲ್ಲ ನನ್ನನ್ನು ‘ಡಾಕ್ಟರ್ ಬೆನ್’, ಅಂದರೆ ಡಾಕ್ಟರಕ್ಕ, ಎಂದು ಪರಿಚಯಿಸುತ್ತಾರೆ. ಡಾಕ್ಟರ ಕೈಗೆ ಬರುವ ರೋಗಿಗಳೆಲ್ಲ ಕೊನೇ ಗಳಿಗೆಯವರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಕೆಲಸದ ಮೇಲೆ ನನಗೆ ಯಾವ ಭ್ರಮೆಯೂ ಇರಲಿಲ್ಲ. ಉಳಿಸಿದ್ದೆಲ್ಲ ಇನ್ನೊಂದೆರಡು ವರ್ಷಕ್ಕೆ ಗುಜರಿಗೆ ಹೋಗುವುದೇ.

ಒಂದು ಸಲ ಬಂದದ್ದು ಸೂರತ್ತಿನ ಉಧ್ನಾದ ಪೆಟ್ಟಿಗೆ. ಅಲ್ಲೊಂದು ಬಣ್ಣ ಹಾಕುವ ಕಾರ್ಖಾನೆಯಲ್ಲಿ ಪಾಲಿಯೆಸ್ಟರ್ ಸೀರೆ ಬಟ್ಟೆಯನ್ನು ಎರಡೂ ಅಂಚಿಗೆ ಹಿಡಿದೆಳೆದು, ಬಿಸಿಗಾಳಿಯ ಕೋಣೆಗಳ ಒಳಗೆ ಹಾಯಿಸಿ, ಅಗಲ ಸರಿಪಡಿಸುವ ಉದ್ದನೆಯ ಯಂತ್ರವಿದೆ. ಅದರ ಕಂಪ್ಯೂಟರಿನ ಡಿಸ್ಕ್ ಸತ್ತಿತ್ತು. ಬಟ್ಟೆ ಕೊಳ್ಳುವ ವಿದೇಶದವರು ಹಳೇ ಸಾಫ್ಟ್‌ವೇರ್ ನಡೆಯುವುದಿಲ್ಲ ಎಂದಿದ್ದರಿಂದ ಇತ್ತೀಚಿನ ಕರ್ನಲ್ಲನ್ನೇ ಹಾಕಿಕೊಡಬೇಕಿತ್ತು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಅಂಗೈಗಿಂತ ದೊಡ್ಡದಾದ ಹಸಿರು ಕಾರ್ಡ್. ಕೋಣೆಗಳ ಬಿಸಿ ಎಷ್ಟಿದೆ ಎಂದು ಓದುವುದು ಅದರ ಕೆಲಸ. ಅಂಥ ಕಾರ್ಡಿನ ಜೊತೆ ಮಾತಾಡಲು ಕರ್ನಲ್ಲಿನಲ್ಲಿ ಅದಕ್ಕೆಂದೇ ಬರೆದ ಒಂದು ತುಂಡು ಪ್ರೋಗ್ರಾಂ ಇರಬೇಕು, ಅದಕ್ಕೆ ಡ್ರೈವರ್ ಎನ್ನುತ್ತೇವೆ. ಈ ಗುಜರಿ ಕಾರ್ಡಿಗೆ ಯಾರು ಬರೆದಿರುತ್ತಾರೆ ಎಂದು ಗೊಣಗುತ್ತಲೇ ಹುಡುಕಿದೆ. ಇತ್ತು. ಕಡತದ ತಲೆಯಲ್ಲಿ ಬರೆದವರ ಹೆಸರು, ಅದರ ಕೆಳಗೆ ಅಹಮದಾಬಾದಿನ ನರೋಡಾದ ಒಂದು ಕಂಪನಿಯ ವಿಳಾಸ, ಮೇಲ್ ವಿಳಾಸವೂ. ಹೆಸರು ಓದಿದ ಕೂಡಲೇ ಗೊತ್ತಾಯಿತು, ಅದು ನಮ್ಮ ಉಡುಪಿ ಕಡೆಯವರದು.

ನನಗೆ ಸುಮ್ಮಸುಮ್ಮನೆ ಖುಷಿಯಾಗುವುದಿಲ್ಲ. ಅವತ್ತು ಆಯಿತು. ಲೋಕದ ಮೂಲೆಮೂಲೆಯವರು ಸೇರಿ ಬರೆದ ಆ ರಾಶಿಯ ನಡುವೆ, ನರೋಡಾದ ಯಾವುದೋ ಶೆಡ್ಡಿನಲ್ಲಿ ಕೂತು ನಮ್ಮವರೊಬ್ಬರು ಬರೆದದ್ದೂ ಇದೆ. ಅಹಮದಾಬಾದಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆ ಹೆಸರಿನವರು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲದೆ ಏನು, ಮಣಿನಗರದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರಲ್ಲ ಅವರು, ಅಲ್ಲಿಯ ಮಸಾಲೆದೋಸೆ ಚೆನ್ನಾಗಿರುತ್ತದೆ ಎಂದು ಒಬ್ಬರು ಬರೆದರು. ಸಾಂಬಾರು ಸಿಹಿಯಾಯಿತು ಎಂದು ಇನ್ನೊಬ್ಬರು. ಡ್ರೈವರ್ ವಿಷಯ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದಾಗ, ಅವರಿಗೆ ಗಾಡಿ ಓಡಿಸಲು ಬರುತ್ತದೆಂದು ಗೊತ್ತಿರಲಿಲ್ಲ ಎಂದು ಒಬ್ಬ ಮಹಾನುಭಾವ ಬರೆದ. ನಾನು ಗುಂಪಿನಿಂದ ಹೊರಬಂದೆ.

ಭಾನುವಾರ ಹೋಗಿ ನೋಡಿದರೆ, ಗಲ್ಲಾದ ಹಿಂದೆ ಅರವತ್ತು ದಾಟಿದ ತೆಳ್ಳಗಿನ ಮನುಷ್ಯ, ಕೊರಳಲ್ಲಿ ದಾರಕ್ಕೆ ಜೋತುಬಿದ್ದ ಕನ್ನಡಕ. ತಮ್ಮನ ಹೋಟೆಲು. ತಮ್ಮನ ಮಗ ಒಳಗೆ ಅಡುಗೆಯವರ ಮೇಲೆ ಹಿಂದಿಯಲ್ಲಿ ರೇಗುತ್ತಿದ್ದ, ಅವನ ಮಕ್ಕಳಿಬ್ಬರು ಮೂಲೆಯ ಮೇಜಿನಲ್ಲಿ ಗುಜರಾತಿಯಲ್ಲಿ ಜಗಳವಾಡುತ್ತಿದ್ದರು. ನಾನು ನಮಸ್ಕಾರ ಹೇಳಿ, ನಿಮ್ಮ ಡ್ರೈವರ್ ವಿಷಯಕ್ಕೆ ಬಂದೆ ಎಂದೆ. ಅವರು ತಲೆ ಎತ್ತದೆ ಟೋಕನ್ ಹರಿಯುತ್ತಾ ಯಾವ ಡ್ರೈವರ್, ಎಲ್ಲಿ ಪಾರ್ಕ್ ಮಾಡಿದ್ದಾನೆ ಎಂದು ಕೇಳಿದರು. ಅವರೂ ಹಾಗೆ ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಕಾರ್ಡಿನ ಹೆಸರು ಹೇಳಿದೆ. ಅವರ ಕೈ ನಿಂತಿತು. ಒಳಗಿನಿಂದ ಒಬ್ಬರನ್ನು ಕರೆದು ಗಲ್ಲಾಕ್ಕೆ ಕೂರಿಸಿ, ನನ್ನನ್ನು ಹಿಂದಿನ ಮೇಜಿಗೆ ಕರೆದೊಯ್ದರು.

“ಅದು ಇನ್ನೂ ಉಂಟಾ?” ಎಂದು ಕೇಳಿದರು.

ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ತಾವು ಬರೆದದ್ದನ್ನು ತಾವೇ ಮೊದಲ ಸಾಲಿನಿಂದ ತುಟಿ ಅಲ್ಲಾಡಿಸುತ್ತಾ ಓದಿದರು. ಕಾಫಿ ಆರಿಹೋಯಿತು. ನಡುವೆ ಒಂದು ಕಡೆ ನಿಂತು, ಇಲ್ಲಿ ಡ್ರೈವರ್ ಕಾರ್ಡಿನ ಉತ್ತರಕ್ಕೆ ಕಾಯುವುದು ಜಾಸ್ತಿಯಾಯಿತು, ಇಷ್ಟು ಕಾಯಬೇಕಿರಲಿಲ್ಲ ಎಂದು ನಾಚಿಕೆಪಟ್ಟುಕೊಂಡರು. ಆಮೇಲೆ ನಿಧಾನವಾಗಿ ತಮ್ಮ ಕತೆ ಹೇಳಿದರು. ಅಪ್ಪ ಹಾಕಿದ ಹೋಟೆಲಿನ ಹೊಗೆ ಬೇಡವೆಂದು ಎಲೆಕ್ಟ್ರಾನಿಕ್ಸ್ ಓದಿದ್ದು, ನರೋಡಾದಲ್ಲಿ ಕಾರ್ಡ್ ಮಾಡುವ ಸಣ್ಣ ಕಂಪನಿ ಸೇರಿದ್ದು, ಗಿರಾಕಿಗಳು ಕೇಳಿದರೆಂದು ಡ್ರೈವರ್ ಬರೆದು ಕಳಿಸಿದ್ದು, ಎಲ್ಲೆಲ್ಲಿಯವರೋ ಅದನ್ನು ತಿದ್ದಿಸಿ ತಿದ್ದಿಸಿ ಕೊನೆಗೆ ಒಳಗೆ ಸೇರಿಸಿಕೊಂಡದ್ದು. ಕಂಪನಿ ಮುಚ್ಚಿತು. ಬೇರೆ ಎರಡು ಕಡೆ ಕೆಲಸ ಮಾಡಿದರು, ಅವೂ ಮುಚ್ಚಿದವು. ಯಾವ ಗಲ್ಲಾದಿಂದ ಓಡಿಹೋಗಿದ್ದರೋ ಅದೇ ಗಲ್ಲಾಕ್ಕೆ ಬಂದು ಕೂತರು. ಮದುವೆಯಾಗಿರಲಿಲ್ಲ. ಹೋಟೆಲು ತಮ್ಮನದು, ಮನೆ ತಮ್ಮನದು. ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಲೋಕದಲ್ಲಿ ಉಳಿದಿದ್ದದ್ದು ಆ ಕಡತವೊಂದೇ, ಅದು ಉಳಿದಿದೆ ಎಂಬುದೂ ಅವರಿಗೆ ನನ್ನಿಂದ ಗೊತ್ತಾದದ್ದು.

ಅಲ್ಲಿಂದಾಚೆ ಭಾನುವಾರಗಳಂದು ಆಗಾಗ ಹೋಗುತ್ತಿದ್ದೆ. ಅವರು ಕಾಯುತ್ತಿದ್ದರು. ಕರ್ನಲ್ಲಿನ ಪ್ರಶ್ನೆಗಳನ್ನು ಇಬ್ಬರೂ ಕೂತು ನೋಡುತ್ತಿದ್ದೆವು. ಯಾವುದು ಬೇಡ ಎಂದು ಅವರು ನನಗಿಂತ ಬೇಗ ಹೇಳುತ್ತಿದ್ದರು, ಹಳೆಯ ಬೋರ್ಡುಗಳ ಜಾತಕ ಅವರಿಗೆ ಬಾಯಿಪಾಠ. ಹೊಸದು ಬಂದರೆ ಮಾತ್ರ ನನ್ನ ಮುಖ ನೋಡುತ್ತಿದ್ದರು. ತಮ್ಮನ ಮಗನಿಗೆ ಇದೆಲ್ಲ ಮುದುಕರ ತಲೆಹರಟೆ. ಮೇಜು ಖಾಲಿ ಮಾಡಿ ಎಂದು ಕಣ್ಣಲ್ಲೇ ಹೇಳುತ್ತಿದ್ದ.

ಹೀಗಿರುವಾಗಲೇ ಕರ್ನಲ್ ಬರೆಯುವವರು ತಮ್ಮತಮ್ಮಲ್ಲಿ ಚರ್ಚಿಸುವ ಮೇಲ್ ಪಟ್ಟಿಯಲ್ಲಿ ಇವರ ಡ್ರೈವರ್ ಬಗ್ಗೆ ಒಂದು ಪತ್ರ ಕಂಡಿತು. ಅಲ್ಲಿ ಒಂದು ಪದ್ಧತಿಯಿದೆ. ಹಳೆಯ ಡ್ರೈವರನ್ನು ಬಹಳ ಕಾಲ ಯಾರೂ ಮುಟ್ಟದಿದ್ದರೆ, ಅದನ್ನು ಹೊರಲು ಬೇಸತ್ತ ಯಾರಾದರೂ ಒಬ್ಬರು ಅದನ್ನು ತೆಗೆದುಹಾಕುವ ತಿದ್ದುಪಡಿ ಕಳಿಸುತ್ತಾರೆ. ಜೊತೆಗೆ ಒಂದು ಮಾತು ಬರೆಯುತ್ತಾರೆ, ಬಳಸುವವರಿದ್ದರೆ ತಿಳಿಸಿ ಎಂದು. ಕೆಲವು ವಾರ ಕಾಯುತ್ತಾರೆ. ಯಾರೂ ಉಸಿರೆತ್ತದಿದ್ದರೆ ಒಪ್ಪಿಗೆ ಎಂದೇ ಅರ್ಥ, ಎಳ್ಳುನೀರು ಬಿಡುತ್ತಾರೆ. ಆ ಪತ್ರದ ಪ್ರತಿ ಡ್ರೈವರ್ ಬರೆದವರಿಗೂ ಹೋಗುತ್ತದೆ. ಇವರ ಪ್ರತಿ ನರೋಡಾದ ಮುಚ್ಚಿಹೋದ ಕಂಪನಿಯ ಮೇಲ್ ವಿಳಾಸಕ್ಕೆ ಹೋಗಿ, ಅಂಥವರಿಲ್ಲ ಎಂದು ವಾಪಸ್ಸಾಗಿರಬೇಕು.

ಆ ಪತ್ರ ಬರೆದವನು ಕೆಟ್ಟವನೇನಲ್ಲ. ತುಂಬ ಸೌಜನ್ಯದ ಭಾಷೆ. ಅದೇ ನನಗೆ ಮೈ ಉರಿಸಿತು. ನಮ್ಮ ಮೇಜಿನ ಮೇಲೆ ಆ ಕಾರ್ಡ್ ಉಸಿರಾಡುತ್ತಾ ಕೂತಿದೆ, ಇವರು ಇಲ್ಲಿ ಬಳಸುವವರಿದ್ದರೆ ಎಂದು ಕೇಳುತ್ತಿದ್ದಾರೆ. ತಕ್ಷಣ ನಾವು ಬಳಸುತ್ತೇವೆ ಎಂದು ಬರೆದುಬಿಡಲು ಹೊರಟಿದ್ದೆ. ಆದರೆ ನಾನ್ಯಾರು ಅವರ ಪಾಲಿಗೆ? ಮೊದಲು ಡ್ರೈವರಿನ ಯಜಮಾನರಿಗೆ ಹೇಳೋಣ ಎಂದು ಮಣಿನಗರಕ್ಕೆ ಹೋದೆ.

ಅವರು ಪತ್ರವನ್ನು ಕೊನೆಯವರೆಗೂ ಓದಿದರು. ಆಮೇಲೆ, ಆ ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ ಎಂದರು. ಉಳಿಸಲು ದಾರಿ ಒಂದೇ. ಇಂಥ ಕಡೆ ನಿಜವಾದ ಯಂತ್ರದ ಮೇಲೆ ಈ ಕಾರ್ಡ್ ನಡೆಯುತ್ತಿದೆ, ಹೊಸ ಕರ್ನಲ್ ಹಾಕಿ ಪರೀಕ್ಷೆ ಮಾಡಿದ್ದೇವೆ, ಮುಂದೆಯೂ ನಾನೇ ನೋಡಿಕೊಳ್ಳುತ್ತೇನೆ ಎಂದು ಅವರು ಬರೆಯಬೇಕು. ನನ್ನ ಮೇಜಿನ ಮೇಲೆ ಕಾರ್ಡ್ ಉತ್ತರ ಕೊಡುತ್ತಿದೆ, ಅದೇ ಸಾಲದೇ ಎಂದೆ. ಮೇಜಿನ ಮೇಲೆ ಅದಕ್ಕೆ ಒಂದು ವೈರೂ ಜೋಡಿಸಿಲ್ಲ, ಸೊನ್ನೆ ಓದಿದರೆ ಅದು ಪರೀಕ್ಷೆಯೇ ಅಲ್ಲ, ಉಧ್ನಾಕ್ಕೇ ಹೋಗಿ ನೋಡಬೇಕು ಎಂದರು. ಹೇಳುವಾಗ ಅವರ ದನಿ ಬೇರೆಯಾಗಿತ್ತು. ಗಲ್ಲಾದಲ್ಲಿ ಕೂತವರ ದನಿ ಅಲ್ಲ ಅದು.

ಮುಂದೆ ನೋಡಿಕೊಳ್ಳುತ್ತೇನೆ ಎನ್ನಲು ಅವರ ಬಳಿಯೂ ಒಂದು ಕಾರ್ಡ್ ಇರಬೇಕಿತ್ತು. ಒಂದಾದರೂ ಸಿಗಬಹುದೆಂದು ನರೋಡಾಕ್ಕೆ ಹೋದೆವು. ಅವರ ಹಳೆಯ ಶೆಡ್ಡಿನಲ್ಲಿ ಈಗ ಔಷಧದ ಡಬ್ಬಿಗಳ ಪ್ಲಾಸ್ಟಿಕ್ ಮುಚ್ಚಳ ಮಾಡುತ್ತಾರೆ. ಗೇಟಿನವನು ಒಳಗೆ ಬಿಡಲಿಲ್ಲ. ನಾನಿಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಇವರು ಹೇಳಿದ್ದಕ್ಕೆ, ಇಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ಎಂದ. ನಾನು ಜಗಳಕ್ಕೆ ನಿಂತೆ. ಇವರೇ ನನ್ನ ತೋಳು ಹಿಡಿದು ರಸ್ತೆ ದಾಟಿಸಿದರು. ಕಿಟಕಿಗೆ ಬೇರೆ ಬಣ್ಣ ಹಾಕಿದ್ದಾರೆ ಎಂದಷ್ಟೇ ಹೇಳಿದರು.

ಉಧ್ನಾಕ್ಕೆ ಹೊರಟ ಬೆಳಿಗ್ಗೆ ಅವರು ಅಹಮದಾಬಾದಿನಿಂದ ರೈಲು ಹತ್ತಿ ಬಂದರು, ನಾನು ಪೆಟ್ಟಿಗೆ ಹೊತ್ತು ವಡೋದರಾದಲ್ಲಿ ಹತ್ತಿದೆ. ಅವರದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್. ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು. ದಿನಾ ಓಡಾಡುವ ಪಾಸಿನವರು ಸೀಟು ಬಿಟ್ಟುಕೊಡದೆ ಇಸ್ಪೀಟು ಆಡುತ್ತಿದ್ದರು, ನಾವು ಹೇಗೋ ತುರುಕಿಕೊಂಡು ಕೂತೆವು. ಅವರು ಹೊಸ ಮೇಲ್ ವಿಳಾಸ ಮಾಡಿಕೊಂಡಿದ್ದರು. ಕಾಯುವುದು ಜಾಸ್ತಿಯಾಯಿತು ಎಂದಿದ್ದರಲ್ಲ, ಅದನ್ನು ತಿದ್ದಿ ಇಟ್ಟಿದ್ದರು. ಭರೂಚ್ ಬಂದು ನರ್ಮದೆಯ ಸೇತುವೆ ದಾಟುವಾಗ ಉಳಿದವರೆಲ್ಲ ನದಿಗೆ ಕೈ ಮುಗಿದರೆ ಇವರು ನನ್ನ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಸಾಲು ಸರಿ ಮಾಡುತ್ತಿದ್ದರು. ಪಕ್ಕದವನು ಏನು ಕೆಲಸ ಎಂದು ಕೇಳಿದ್ದಕ್ಕೆ, ಕರ್ನಲ್ಲಿನಲ್ಲಿ ಕೆಲಸ ಎಂದರು. ಹೋಟೆಲು ಎನ್ನಲಿಲ್ಲ. ಅವತ್ತು ಅವರು ಬಹಳ ಖುಷಿಯಾಗಿದ್ದರು.

ಕಾರ್ಖಾನೆಯಲ್ಲಿ ಉಸಿರು ಕಟ್ಟುವ ಬಿಸಿ, ಬಣ್ಣದ ಘಾಟು. ಪೆಟ್ಟಿಗೆ ಕೆಟ್ಟಾಗಿನಿಂದ ಆ ಯಂತ್ರ ನಿಂತೇ ಇತ್ತು, ಉಳಿದ ಯಂತ್ರಗಳಲ್ಲಿ ಕೆಲಸ ನಡೆಸಿದ್ದರು. ಸೂಪರ್‌ವೈಸರ್ ನಗುಮುಖದ ಮನುಷ್ಯ, ನಮ್ಮನ್ನು ಕೂರಿಸಿ ಚಹಾ ತರಿಸಿದ. ಪೆಟ್ಟಿಗೆಯನ್ನು ಜಾಗಕ್ಕೆ ಕೂರಿಸಿ ಕರೆಂಟು ಕೊಟ್ಟೆವು. ಕರ್ನಲ್ ಸಾಲು ಸಾಲಾಗಿ ತನ್ನ ಸಮಾಚಾರ ಹೇಳುತ್ತಾ ಮೇಲೇರಿತು. ಕಾರ್ಡ್ ಸಿಕ್ಕಿತು ಎಂಬ ಸಾಲು ಬಂತು. ಅದನ್ನು ಬರೆದವರು ಪಕ್ಕದಲ್ಲೇ ನಿಂತಿದ್ದರು, ಅವರ ಕಣ್ಣು ತೇವವಾದದ್ದನ್ನು ನಾನು ನೋಡದವಳಂತೆ ಇದ್ದೆ. ಯಾವ ಯಾವ ಡ್ರೈವರ್ ಒಳಗಿದೆ ಎಂದು ತೋರಿಸುವ ಒಂದು ಆಜ್ಞೆಯಿದೆ. ಅದನ್ನು ಕೊಟ್ಟರೆ ಪ್ರತಿ ಡ್ರೈವರಿನ ಮುಂದೆ, ಸದ್ಯ ಇದನ್ನು ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬ ಸಂಖ್ಯೆ ಬರುತ್ತದೆ. ನಮ್ಮದರ ಮುಂದೆ ಒಂದು ಎಂದು ಬಂತು. ಯಂತ್ರದ ಪ್ರೋಗ್ರಾಂ ಅದನ್ನು ತೆರೆದು ಹಿಡಿದುಕೊಂಡಿತ್ತು. ಆ ಪರದೆಯ ಫೋಟೋ ತೆಗೆದುಕೊಂಡೆ. ಪಟ್ಟಿಯವರ ಮುಖಕ್ಕೆ ಹಿಡಿಯಲು ಇಷ್ಟು ಸಾಕು ಎಂದುಕೊಂಡೆ.

ಅವರು ಸಾಕು ಅನ್ನಲಿಲ್ಲ. ಬರ್ನರ್ ಹಚ್ಚಿಸಿ ಎಂದರು. ಸೂಪರ್‌ವೈಸರ್ ಹಚ್ಚಿಸಿದ. ಯಂತ್ರದ ಮೈಮೇಲಿದ್ದ ಸಣ್ಣ ಸಣ್ಣ ಡಬ್ಬಿಗಳ ಕೆಂಪು ಅಂಕಿಗಳು ಏರತೊಡಗಿದವು. ನಮ್ಮ ಪರದೆಯ ಅಂಕಿಗಳು ಏರಲಿಲ್ಲ. ಸೊನ್ನೆಯ ಸುತ್ತಮುತ್ತ ಅತ್ತಿತ್ತ ಅಲ್ಲಾಡುತ್ತಿದ್ದವು. ಡ್ರೈವರಿನಲ್ಲೇ ನಾನೇನಾದರೂ ಕೆಡಿಸಿದೆನೇ ಎಂದು ಗಾಬರಿಯಾಯಿತು. ಅವರು ಕಾರ್ಡಿನಿಂದ ಹೊರಟ ದಪ್ಪ ಕೇಬಲನ್ನು ಕೈಯಲ್ಲಿ ಹಿಡಿದು, ಅದರ ಜಾಡಿನಲ್ಲೇ ಕ್ಯಾಬಿನೆಟ್ಟಿನ ಹಿಂದಕ್ಕೆ ಹೋದರು. ನಾನೂ ಹೋದೆ. ಅಲ್ಲಿ ಕೇಬಲ್ ಮುಗಿದಿತ್ತು. ತುದಿಯನ್ನು ಕತ್ತರಿಸಿ, ಟೇಪು ಸುತ್ತಿ, ಒಂದು ಮೊಳೆಗೆ ಅಚ್ಚುಕಟ್ಟಾಗಿ ಕಟ್ಟಿದ್ದರು. ಟೇಪಿನ ಮೇಲೆ ನೂಲಿನ ಧೂಳು ಬೆರಳಷ್ಟು ದಪ್ಪ ಕೂತಿತ್ತು.

ಸೂಪರ್‌ವೈಸರನಿಗೆ ನಮ್ಮ ಮುಖ ಏಕೆ ಹೀಗಾಯಿತು ಎಂದು ಅರ್ಥವಾಗಲಿಲ್ಲ. ಆ ವೈರುಗಳನ್ನು ಯಾವ ಕಾಲದಲ್ಲೋ ಕತ್ತರಿಸಿದ್ದು, ಅವನು ಸೇರುವ ಮುಂಚೆಯೇ. ಬಿಸಿ ನೋಡಿಕೊಳ್ಳಲು ಪೇಟೆಯಲ್ಲಿ ಸಿಗುವ ಡಬ್ಬಿಗಳನ್ನು ಹಾಕಿಸಿದ್ದಾರೆ. ಆದರೆ ಕಂಪ್ಯೂಟರಿನ ಪ್ರೋಗ್ರಾಮಿಗೆ ಶುರುವಾಗುವಾಗ ಆ ಕಾರ್ಡ್ ಕಾಣಲೇಬೇಕು, ಕಾಣದಿದ್ದರೆ ಬಟ್ಟೆ ಓಡಿಸಲು ಬಿಡುವುದಿಲ್ಲ. ಅದಕ್ಕೆ ಕಾರ್ಡನ್ನು ಅಲ್ಲೇ ಬಿಟ್ಟಿದ್ದಾರೆ. ಇಷ್ಟನ್ನು ಹಿಂದಿಯಲ್ಲಿ ಹೇಳಿ, ನಮ್ಮನ್ನು ಸಮಾಧಾನ ಮಾಡಲು ಗುಜರಾತಿಯಲ್ಲಿ “ಚಾಲೇ ಛೇ ನೆ, ಬೆನ್” ಎಂದ. ನಡೀತಿದೆಯಲ್ಲ, ಅಕ್ಕಾ.

ಬೇರೆ ಕಡೆ ಇರಬಹುದೇ ಎಂದು ಇವರು ಕೇಳಿದರು. ಪಾಪ, ಅವನು ಗುರುತಿನ ಕಾರ್ಖಾನೆಗಳಿಗೆಲ್ಲ ಫೋನ್ ಮಾಡಿದ. ಹಳೇ ಪೆಟ್ಟಿಗೆಗಳನ್ನು ಎಲ್ಲರೂ ಗುಜರಿಗೆ ಹಾಕಿದ್ದರು. ಪ್ರತಿ ಫೋನಿಗೂ ಇವರು ತಲೆ ಎತ್ತುತ್ತಿದ್ದರು, ಮತ್ತೆ ತಗ್ಗಿಸುತ್ತಿದ್ದರು. ಕೊನೆಗೆ ನಾನೇ ಸಾಕು ಎಂದೆ.

ಉಧ್ನಾ ನಿಲ್ದಾಣದ ಬೆಂಚಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೂತೆವು. ರೈಲಿಗೆ ಹೊತ್ತಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು. ವೈರು ಕತ್ತರಿಸಿದವನ ಮೇಲೆ, ಪಟ್ಟಿಯ ಸೌಜನ್ಯದವನ ಮೇಲೆ, ಬರ್ನರ್ ಹಚ್ಚಿಸಿದ ಇವರ ಮೇಲೂ. ಹಚ್ಚಿಸದೇ ಇದ್ದಿದ್ದರೆ ಖುಷಿಯಾಗಿ ವಾಪಸ್ಸು ಹೋಗುತ್ತಿದ್ದೆವು. ಫೋಟೋ ತೆಗೆದು ಅವರ ಮುಂದೆ ಹಿಡಿದೆ.

“ಸುಳ್ಳೇನೈತ್ರಿ ಸರ್ ಇದರಾಗ? ಒಬ್ಬರು ಬಳಸ್ಲಿಕ್ಕತ್ತಾರ ಅಂತ ಅದ ಹೇಳ್ತೈತಿ. ನಾವು ಇದನ್ನ ಕಳಸೂಣು. ವೈರ್ ವಿಷಯ ಯಾರು ಕೇಳ್ತಾರ?”

ಅವರು ಫೋಟೋವನ್ನು ನೋಡಿದರು. “ಅದು ಕಾರ್ಡ್ ಉಂಟು ಅಂತ ಹೇಳ್ತದೆ. ಕೆಲಸ ಉಂಟು ಅಂತ ಹೇಳೂದಿಲ್ಲ. ನನ್ನ ಹೆಸರಿನ ಅಡಿಯಲ್ಲಿ ಹಾಗೆ ಬರೀಲಿಕ್ಕೆ ಆಗೂದಿಲ್ಲ ಮಾರಾಯ್ತಿ.”

ಹಾಗಾದರೆ ಸುಮ್ಮನಿರಿ, ಏನೂ ಬರೆಯಬೇಡಿ ಎಂದೆ. ಅದೂ ಅವರಿಗೆ ಸರಿಕಾಣಲಿಲ್ಲ. ಒಬ್ಬ ಕೇಳಿದ್ದಾನೆ, ಗೊತ್ತಿರುವವನು ಉತ್ತರ ಕೊಡಬೇಕು ಎಂದರು. ಲ್ಯಾಪ್‌ಟಾಪ್ ಕೇಳಿದರು. ಕೊಟ್ಟೆ. ಬೆಳಿಗ್ಗೆ ಹಳೆಯ ತಪ್ಪನ್ನು ತಿದ್ದಿದ್ದ ಅದೇ ಬೆರಳುಗಳಿಂದ ನಿಧಾನವಾಗಿ ಟೈಪು ಮಾಡಿದರು. ಈ ಡ್ರೈವರ್ ಬರೆದವನು ನಾನು. ನನಗೆ ಗೊತ್ತಿದ್ದ ಕೊನೆಯ ಯಂತ್ರವನ್ನು ಇವತ್ತು ನೋಡಿ ಬಂದೆ, ಅಲ್ಲೂ ಅದಕ್ಕೆ ಕೆಲಸವಿಲ್ಲ. ಈಗ ಇದನ್ನು ಯಾರೂ ಬಳಸುತ್ತಿಲ್ಲ, ತೆಗೆಯಬಹುದು. ಇಷ್ಟೇ. ಕೆಳಗೆ, ತಿದ್ದುಪಡಿಯನ್ನು ನೋಡಿದ್ದೇನೆ, ನನ್ನ ಒಪ್ಪಿಗೆಯಿದೆ ಎನ್ನುವುದಕ್ಕೆ ಅಲ್ಲಿ ಹಾಕುವ ರೂಢಿಯ ಸಾಲು, ಆಕ್ಡ್-ಬೈ ಎಂದು, ಅದರ ಮುಂದೆ ತಮ್ಮ ಪೂರ್ತಿ ಹೆಸರು. ಬೇರೆ ಯಾರು ಒಪ್ಪಿದರೂ ಒಪ್ಪದಿದ್ದರೂ ಬರೆದವರದೇ ಒಪ್ಪಿಗೆ ಬಿದ್ದಮೇಲೆ ಮಾತು ಮುಗಿಯಿತು. ನನ್ನ ವಿಳಾಸವನ್ನೂ ಪ್ರತಿಗೆ ಸೇರಿಸಿದರು, ಪರೀಕ್ಷೆಗೆ ನೆರವಾದವಳೆಂದು. ಕಳಿಸಿದರು. ಲ್ಯಾಪ್‌ಟಾಪ್ ಮುಚ್ಚಿ ನನಗೆ ಕೊಟ್ಟು, ಉಳಿದ ಇಡ್ಲಿ ಹಳಸಿರಬಹುದು ನೋಡು ಎಂದರು.

ನಾನು ವಡೋದರಾದಲ್ಲಿ ಇಳಿಯುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅಳು ಬರುತ್ತಿತ್ತು, ಅದನ್ನು ಸಿಟ್ಟೆಂದು ತೋರಿಸಿಕೊಂಡೆ.

ಪಟ್ಟಿಯಿಂದ ಧನ್ಯವಾದ ಎಂದು ಒಂದೇ ಒಂದು ಸಾಲು ಬಂತು. ಮುಂದಿನ ಆವೃತ್ತಿಯಲ್ಲಿ ಡ್ರೈವರ್ ಇರಲಿಲ್ಲ. ಉಧ್ನಾದ ಪೆಟ್ಟಿಗೆಗೆ, ಇನ್ನೂ ಕೆಲವು ವರ್ಷ ರಿಪೇರಿ ಮಾಡುತ್ತೇವೆ ಎಂದು ಕರ್ನಲ್ ಬರೆಯುವವರೇ ಉಳಿಸಿಕೊಂಡಿರುವ, ಡ್ರೈವರ್ ಇನ್ನೂ ಇರುವ ಹಿಂದಿನ ಆವೃತ್ತಿಯ ಕರ್ನಲ್ ಹಾಕಿಕೊಟ್ಟೆ. ವೈರಿಲ್ಲದ ಕಾರ್ಡ್ ದಿನಾ ಬೆಳಿಗ್ಗೆ ಅಲ್ಲಿ ಹಾಜರಿ ಹೇಳುತ್ತಿದೆ, ಬಟ್ಟೆ ಓಡುತ್ತಿದೆ. ಮಣಿನಗರಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ಆದರೆ ಲ್ಯಾಪ್‌ಟಾಪ್ ತೆಗೆದರೆ ಅವರು ಈಗ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ಗಿರಾಕಿ ಇದ್ದಾರೆ ಎನ್ನುತ್ತಿದ್ದರು. ಎಷ್ಟೋ ಸಲ ಇರುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮೇಲ್ ಬಂತು. ಅವರಿಗೆ ಬರೆದದ್ದು, ಪ್ರತಿ ನನಗೆ. ಅವರು ಆ ಹೊಸ ವಿಳಾಸವನ್ನು ತೆರೆದು ನೋಡುವುದನ್ನೇ ಬಿಟ್ಟಿದ್ದರು. ಬರೆದವನು ಯಾವುದೋ ಚಳಿ ದೇಶದವನು, ಹೂವು ಬೆಳೆಯುವ ಗಾಜಿನ ಮನೆಗಳ ಬಿಸಿ ಕಾಪಾಡುವ ಯಂತ್ರಗಳನ್ನು ನೋಡಿಕೊಳ್ಳುವವನು. ಅವರಲ್ಲಿ ಎಲ್ಲ ಮನೆಗಳಲ್ಲೂ ಇದೇ ಕಾರ್ಡ್ ಇತ್ತಂತೆ, ಮೊದಲಿನಿಂದಲೂ. ಒಂದು ಚಳಿಗಾಲವೂ ಕೈಕೊಟ್ಟಿರಲಿಲ್ಲವಂತೆ. ಬಳಸುವ ಜನ ಪಟ್ಟಿಯನ್ನು ಓದುವುದಿಲ್ಲ, ಅಲ್ಲಿ ಏನು ಮಾತಾಡಿದರೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೊಸ ಕರ್ನಲ್ ಕಟ್ಟಲು ಕೂತಾಗ ಆ ಕಾರ್ಡ್ ಬೇಕೇ ಎಂಬ ಪ್ರಶ್ನೆಯೇ ಬರಲಿಲ್ಲ. ಹುಡುಕಿದರೆ ತೆಗೆದದ್ದು ಕಂಡಿತು, ಅದರ ಕೆಳಗೆ ಬರೆದವರದೇ ಒಪ್ಪಿಗೆ. ಯಾರೂ ಬಳಸುತ್ತಿಲ್ಲ ಎಂದು ಸ್ವತಃ ಬರೆದವರೇ ಹೇಳಿದಮೇಲೆ ಇನ್ನು ಇದನ್ನು ನಂಬಿ ಕೂರುವುದು ಬೇಡ ಎಂದು ಅವರ ಮೇಲಿನವರು ತೀರ್ಮಾನಿಸಿದರು. ಎಲ್ಲ ಕಾರ್ಡ್ ತೆಗೆಸಿ ಹೊಸ ವ್ಯವಸ್ಥೆ ಹಾಕಿಸಿದರು. ದೂರುವುದಕ್ಕಲ್ಲ, ಇಷ್ಟು ವರ್ಷ ನಡೆಸಿಕೊಟ್ಟದ್ದಕ್ಕೆ ಧನ್ಯವಾದ ಹೇಳೋಣವೆಂದು ಬರೆಯುತ್ತಿದ್ದೇನೆ ಎಂದಿದ್ದ.

ಒಂದು ಮನೆಯಲ್ಲಾದರೂ ಉಳಿದಿದೆಯೇ, ಒಂದೇ ಒಂದು ಇದ್ದರೂ ಡ್ರೈವರನ್ನು ಮತ್ತೆ ಸೇರಿಸಿ ಎಂದು ಕೇಳುತ್ತೇವೆ ಎಂದು ಆ ಕ್ಷಣವೇ ಬರೆದೆ. ಉತ್ತರ ಬೇಗ ಬಂತು. ಹಳೆಯದೆಲ್ಲ ಆಗಲೇ ಗುಜರಿಗೆ ಹೋಗಿತ್ತು. ಕ್ಷಮಿಸಿ, ನಮಗೆ ಕೇಳಬೇಕೆಂದು ಹೊಳೆಯಲಿಲ್ಲ ಎಂದು ಬರೆದಿದ್ದ.

ಇದನ್ನು ಅವರಿಗೆ ಹೇಳುವುದೋ ಬೇಡವೋ ಎಂದು ಬಹಳ ಒದ್ದಾಡಿದೆ. ಹೇಳದಿದ್ದರೆ ಅವರ ಡ್ರೈವರ್ ಬಳಸಿದವರಿಂದ ಬಂದ ಒಂದೇ ಒಂದು ಧನ್ಯವಾದವನ್ನು ನಾನು ನುಂಗಿದಂತೆ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಕೊನೆಗೆ, ಅವರ ಪತ್ರವನ್ನು ಇಟ್ಟುಕೊಳ್ಳಲು ನಾನ್ಯಾರು ಎಂದು ಹೊರಟೆ. ಊಟದ ಗಲಾಟೆ ಮುಗಿದು ಹೋಟೆಲು ಖಾಲಿಯಾಗಿತ್ತು. ಗಲ್ಲಾದ ಮೇಲೆಯೇ ಫೋನಿಟ್ಟು ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಮತ್ತೆ ಮೇಲಿನಿಂದ ಓದಿದರು.

“ವೈರ್ ಇತ್ತಂತಾ?” ಎಂದು ಕೇಳಿದರು.

ಇತ್ತು ಎಂದೆ. ಹೂವು ಬೆಳೆಯುತ್ತಿದ್ದರಂತೆ ಎಂದೆ. ನಿಮಗೆ ಹೇಗೆ ಗೊತ್ತಾಗಬೇಕು ಸರ್, ನೀವು ಗೊತ್ತಿದ್ದದ್ದನ್ನು ನಿಜ ಹೇಳಿದಿರಿ ಎಂದೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ಇಲ್ಲ. ಯಾರೂ ಬಳಸೂದಿಲ್ಲ ಅಂತ ಬರ್ದೆ ನಾನು. ನಂಗೆ ಗೊತ್ತಿಲ್ಲ ಅಂತ ಬರೀಬೇಕಿತ್ತು.”

ಫೋನನ್ನು ನನ್ನ ಕಡೆ ಸರಿಸಿದರು. ಯಾರೋ ಇಬ್ಬರು ಬಂದು ಎರಡು ಕಾಫಿ ಎಂದರು, ಅವರಿಗೆ ಟೋಕನ್ ಹರಿದುಕೊಟ್ಟರು.